ಮಳೆ ಬಂದರೆ ಓಡುವ ಕಾಲು

ಸಂಜೆ ನಾಲ್ಕು ಇಪ್ಪತ್ತಕ್ಕೆ ಗುಡುಗಿತು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳಬಲ್ಲೆ.

ನಮ್ಮ ಕಾಲೇಜಿನಲ್ಲಿ ಹುಡುಗಿಯರ ಜಿಮ್ನಾಸ್ಟಿಕ್ಸ್‌ಗೆ ಜಾಗವಿರಲಿಲ್ಲ. ದೈಹಿಕ ಶಿಕ್ಷಣದ ಮೇಡಂ ಚಿಕ್ಕಮಗಳೂರಿನ ಹೊರಗೆ, ಕಾಫಿ ಒಣಗಿಸುವ ಕಣದ ಪಕ್ಕದ ಖಾಲಿ ಗೋದಾಮನ್ನು ಕೇಳಿ ಪಡೆದಿದ್ದರು. ಬಾಡಿಗೆ ಬೇಡ, ಮಳೆ ಬಂದರೆ ಮಾತ್ರ ಹುಡುಗಿಯರೂ ಬಂದು ಕಾಫಿಗೆ ಟಾರ್ಪಾಲು ಮುಚ್ಚಬೇಕು ಎಂದಿದ್ದರು ಯಜಮಾನರು. ನಾವು ಏಳು ಜನರೂ ತೋಟಗಳ ಕಡೆಯವರೇ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಗುಡುಗಿದ ಹೊತ್ತಿಗೆ ಸಂಸೆ ಊರಿನ ನನ್ನ ಗೆಳತಿ ಎರಡು ಅಡ್ಡಕಂಬಿಗಳಲ್ಲಿ ಮೇಲಿನ ಬಾರ್‌ನಲ್ಲಿ ತೂಗುತ್ತಿದ್ದಳು. ಕೈ ಬಿಟ್ಟು, ಗಾಳಿಯಲ್ಲಿ ಒಂದು ಸುತ್ತು ಹಾಕಿ ಇಳಿಯುವುದನ್ನು ಆ ವಾರವಷ್ಟೇ ಕಲಿಯುತ್ತಿದ್ದಳು. ಕೆಳಗೆ ನಿಂತು ಹಿಡಿಯಬೇಕಾದವಳು ನಾನು. ಹೊರಗೆ ಯಾರೋ "ಮಳೆ ಬಂತ್ರೇ!" ಎಂದು ಕೂಗಿದರು. ಮೂಡಿಗೆರೆಯ ಎಸ್ಟೇಟ್‌ನ ಕೂಲಿ ಲೈನಿನಲ್ಲಿ ಬೆಳೆದ ನನ್ನ ಕಾಲು ನನ್ನನ್ನು ಕೇಳದೆ ಕಣಕ್ಕೆ ಓಡಿತು. ಟಾರ್ಪಾಲಿನ ತುದಿ ಹಿಡಿದಾಗ ಒಳಗಿನಿಂದ ಮೂಟೆ ಬಿದ್ದಂತಹ ಸದ್ದು ಕೇಳಿತು.

ಅವಳು ಕುತ್ತಿಗೆಯ ಮೇಲೆ ಬಿದ್ದಿದ್ದಳು. "ಯಾರೂ ಎತ್ತಬೇಡಿ!" ಎಂದ ಮೇಡಂ ಮಂಡಿಯೂರಿ ಅವಳ ತಲೆಯನ್ನು ಅಲುಗದಂತೆ ಹಿಡಿದರು. "ಬೆರಳು ಆಡ್ಸು ಪುಟ್ಟಿ." ಬೆರಳು ಆಡಲಿಲ್ಲ. ಆಂಬ್ಯುಲೆನ್ಸ್ ಬರುವವರೆಗೂ ಆ ಬೆರಳುಗಳನ್ನೇ ನೋಡುತ್ತ ನಿಂತೆ. ಸ್ಟ್ರೆಚರಿಗೆ ಎತ್ತುವಾಗ ಹೆಬ್ಬೆರಳು ಒಂಚೂರು ಬಾಗಿತು.

ಮೂಳೆ ಮುರಿದಿಲ್ಲ, ನರಕ್ಕೆ ಪೆಟ್ಟಾಗಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದರು ಡಾಕ್ಟರು. ಮಾರನೆಯ ದಿನ ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಮಲಗಿದ್ದ ಅವಳು ನನ್ನನ್ನು ಕೇಳಿದ ಮೊದಲ ಮಾತು, "ಕಾಫಿ ನೆನೀಲಿಲ್ವಲ್ಲ ಮಾರಾಯ್ತಿ?"

ನಾನು ಅತ್ತುಬಿಟ್ಟೆ.

"ಅಳ್ಬೇಡ್ವೇ. ನಾನಾಗಿದ್ರೂ ಓಡ್ತಿದ್ದೆ."

ಅದರಿಂದ ನನಗೆ ಸಮಾಧಾನವಾಗಲಿಲ್ಲ. ತಿಂಗಳುಗಟ್ಟಲೆ ನಿದ್ದೆಯ ನಡುವೆ ಆ ಸದ್ದು ಕೇಳಿ ಎದ್ದು ಕೂರುತ್ತಿದ್ದೆ. ಪ್ರಿನ್ಸಿಪಾಲರು ತಂಡವನ್ನೇ ನಿಲ್ಲಿಸುವ ಮಾತಾಡಿದಾಗ ಕುತ್ತಿಗೆಯ ಪಟ್ಟಿಯಲ್ಲೇ ಹೋಗಿ ನಿಲ್ಲಿಸಬೇಡಿ ಎಂದವಳು ಅವಳು. ಬಾರ್ ಮೇಲೆ ಒಬ್ಬಳಿದ್ದಾಗ ಕಾಫಿ ನೆನೆದರೆ ನೆನೆಯಲಿ ಎಂದು ಮೇಡಂ ಕಣದ ಯಜಮಾನರಿಗೆ ಹೇಳಿಬಂದರು. "ಅಷ್ಟೇ ಮತ್ತೆ, ಕಾಫಿ ಇನ್ನೊಂದ್ಸಲ ಒಣಗ್ತದೆ," ಎಂದರಂತೆ ಯಜಮಾನರು.

ಮುಂದಿನ ವರ್ಷ ಅವಳು ಮತ್ತೆ ಬಾರ್ ಹಿಡಿದಳು. ಕೆಳಗೆ ನಾನೇ ನಿಲ್ಲಬೇಕೆಂದು ಹಟ ಮಾಡಿದಳು.

ಅಂತರಕಾಲೇಜು ಸ್ಪರ್ಧೆ ಮಾರ್ಚ್‌ನಲ್ಲಿ ನಡೆಯಿತು. ನಮ್ಮ ತಂಡದಲ್ಲಿ ಕೊನೆಯ ಸರದಿ ಅವಳದು. ಅವಳು ತೂಗಲು ಶುರು ಮಾಡಿದ್ದಳಷ್ಟೇ, ಸಭಾಂಗಣದ ತಗಡಿನ ಮಾಡಿನ ಮೇಲೆ ಮಳೆ ಸುರಿಯಿತು. ನನ್ನ ಹಿಮ್ಮಡಿ ನೆಲ ಬಿಟ್ಟದ್ದು ನನಗೇ ಗೊತ್ತಾಯಿತು. ಒತ್ತಿ ಊರಿದೆ. ಅವಳು ಕೈ ಬಿಟ್ಟಳು, ಸುತ್ತಿದಳು, ಎರಡೂ ಕಾಲ ಮೇಲೆ ನಿಂತಳು. ನನ್ನ ಕೈ ಅವಳ ಬೆನ್ನ ಪಕ್ಕದಲ್ಲೇ ಇತ್ತು, ಮುಟ್ಟಬೇಕಾಗಲಿಲ್ಲ. "ಇದ್ದೀಯಲ್ಲ," ಎಂದು ನಕ್ಕಳು. ತಂಡ ಪ್ರಶಸ್ತಿ ಮೊದಲ ಬಾರಿಗೆ ನಮ್ಮ ಕಾಲೇಜಿಗೆ ಬಂತು.

ಮರುದಿನ ಅಮ್ಮ ಎಬ್ಬಿಸಿದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. "ರಾತ್ರಿಯಿಡೀ ಗುಡುಗು, ಮಳೆ. ನಿಂಗೆ ಎಚ್ಚರಾನೇ ಆಗ್ಲಿಲ್ವೇನೇ?"

ಆಗಿರಲಿಲ್ಲ.