ಕೋಚ್ ಸಾಹೇಬರಿಗೆ ನಾನು ಕೊಟ್ಟ ಸಲಹೆ

ಶಿಕಾರಿಪುರದಲ್ಲಿ ನಾನು ಬಾಡಿಗೆ ಕಾರು ಓಡಿಸ್ತೀನಿ. ಹೋದ ವರ್ಷ ಗುಡವಿಯ ಹಕ್ಕಿಗಳನ್ನು ನೋಡಬೇಕೆಂದು ಒಬ್ಬರು ನನ್ನ ಕಾರು ಹತ್ತಿದರು. ಕನ್ನಡದವರೇ, ನಮ್ಮ ದೇಶದ ಫುಟ್‌ಬಾಲ್ ತಂಡಕ್ಕೆ ಕೋಚ್ ಅಂತೆ. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲದ ನಾನು ಸುಮ್ಮನೆ ತಲೆಯಾಡಿಸಿದೆ.

ಕೆರೆ ದಂಡೆಯಲ್ಲಿ ನಿಂತಿದ್ದಾಗ ಅವರಿಗೊಂದು ಫೋನ್ ಬಂತು. ಮಾತು ಮುಗಿಸಿ ಬೈನಾಕ್ಯುಲರನ್ನು ನನ್ನ ಕೈಗಿಟ್ಟು, "ನನ್ನನ್ನ ಕೆಲಸದಿಂದ ತೆಗೆದ್ರು ಕಣ್ರೀ" ಅಂದರು. ನಾನು ಅದರಲ್ಲಿ ಹಕ್ಕಿ ನೋಡತೊಡಗಿದೆ.

ವಾಪಸ್ ಬರುವಾಗ ಸೊರಬದಲ್ಲಿ ಚಹಾ ಕುಡಿಯುತ್ತಾ ಅವರೇ ಬಾಯಿಬಿಟ್ಟರು. "ಪಕ್ಕದ ದೇಶದವರು ಮುಂಚೆಯಿಂದ್ಲೂ ಕರೀತಿದಾರೆ. ಹೋದ್ರೆ ನಮ್ಮ ಹುಡುಗರ ವಿರುದ್ಧವೇ ಆಡಿಸಬೇಕಾಗ್ತದೆ. ಹೋಗಲೇನ್ರೀ?"

"ಹೋಗಿ ಸಾರ್. ಕೆಲಸ ಇಲ್ದೆ ಕೂರೋಕಾಗ್ತದಾ?" ಅಂದೆ. ಅಷ್ಟು ದೊಡ್ಡ ಮನುಷ್ಯರು ನನ್ನನ್ನು ಯಾಕೆ ಕೇಳಿದರೋ, ನಾನು ಯಾವ ಧೈರ್ಯದಲ್ಲಿ ಹೇಳಿದೆನೋ.

ಮೊನ್ನೆ ನಮ್ಮ ದೇಶಕ್ಕೂ ಆ ಪಕ್ಕದ ದೇಶಕ್ಕೂ ಪಂದ್ಯವಿತ್ತು. ಕಾರ್ ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಒಂದೇ ಮೊಬೈಲಿಗೆ ಮುಗಿಬಿದ್ದು ನೋಡಿದೆವು. ನಮ್ಮವರು ಸೋತರು. ಆ ಕಡೆ ಕೋಚ್ ಸಾಹೇಬರು ಕುಣಿಯುತ್ತಿದ್ದರು.

"ನಮ್ಮವನಾಗಿ ನಮ್ಮನ್ನೇ ಸೋಲಿಸಿದ್ನಲ್ಲೋ!" ಎಂದು ಪಕ್ಕದ ಕಾರಿನ ಬಸಣ್ಣ ಬೈಯತೊಡಗಿದ. ನನಗೆ ಬೇಜಾರೋ ಖುಷಿಯೋ ಒಂದೂ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ನನಗೆ ಕೋಚ್ ಸಾಹೇಬರದೇ ಫೋನ್. "ನೋಡಿದ್ರೇನ್ರೀ? ನಿಮ್ಮ ಮಾತು ಕೇಳಿದ್ದು ಒಳ್ಳೇದಾಯ್ತು!"

"ಭಾಳ ಚಲೋ ಆತು ಸಾರ್" ಅಂದೆ, ದನಿ ತಗ್ಗಿಸಿ.

"ಯಾರೋ ಅದು?" ಬಸಣ್ಣ ಕೇಳಿದ.

"ಹಳೇ ಗಿರಾಕಿ ಕಣೋ" ಅಂದೆ. ಅದು ಸುಳ್ಳಂತೂ ಅಲ್ಲ.