ನವಿಲುತೀರ್ಥದ ಪಂಚಮಿ

ನಾಗರ ಪಂಚಮಿಗೆ ಅಣ್ಣ ಕರೆಯಲು ಬಂದಿದ್ದಾನೆ ಎಂದು ನಾನು ಐದು ವರ್ಷ ಸುಳ್ಳು ಹೇಳಿದ್ದೇನೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಕನ್ನಡ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತ್ತು. ಒಬ್ಬ ಮುದುಕಿಯ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಎಲ್ಲರಂತೆ ನಾನೂ ಅವಳನ್ನು ಆಯಿ ಎನ್ನುತ್ತಿದ್ದೆ; ಶಾಲೆಯ ಟೀಚರ್ ಎಂದು ಅವಳು ನನ್ನನ್ನು ಬಾಯಾರು ಎನ್ನುತ್ತಿದ್ದಳು. ನನ್ನ ಸ್ವಂತ ಊರು ಬೈಲಹೊಂಗಲದ ಹತ್ತಿರ. ಅಪ್ಪ, ಅವ್ವ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ. ವೈನಿಯ ತಮ್ಮನಿಗೆ ನನ್ನನ್ನು ಕೊಡುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ. ನಿಶ್ಚಯದ ಹಿಂದಿನ ದಿನ ನಾನು ಒಲ್ಲೆ ಎಂದೆ. ಹುಡುಗ ಕೆಟ್ಟವನಲ್ಲ. ಆದರೆ ಮದುವೆಯಾದ ಮೇಲೆ ನೌಕರಿ ಮಾಡುವ ಹಾಗಿಲ್ಲ ಎಂದಿದ್ದರು. ಅಣ್ಣ ಕೂಗಾಡಲಿಲ್ಲ.

"ಮಂದ್ಯಾಗ ನನ್ನ ಮಾನಾ ಕಳದಿ. ಇನ್ನ ನಿನ್ನ ದಾರಿ ನೀ ನೋಡ್ಕೊ," ಅಂದ.

ಮೊದಲನೆಯ ಪಂಚಮಿ ಬಂತು. ಓಣಿಯ ಸೊಸೆಯಂದಿರು ಅಣ್ಣತಮ್ಮಂದಿರ ಸೈಕಲ್ಲಿನ ಹಿಂದೆ ಕುಳಿತು ತವರಿಗೆ ಹೋದರು. ಆಯಿಯ ಮಗಳನ್ನು ಅವಳ ಅಣ್ಣ ಕರೆತಂದ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು.

"ಬಾಯಾರ, ನಿಮ್ಮಣ್ಣ ಇನ್ನೂ ಬರಲಿಲ್ಲಲ್ರಿ?" ಎಂದು ಆಯಿ ಕೇಳಿದಳು.

ಕೊಟ್ಟ ಹೆಣ್ಣಿಗೆ ತವರು ಅಂತ ಒಂದಿರುತ್ತದೆ. ನನ್ನನ್ನು ಎಲ್ಲಿಗೂ ಕೊಟ್ಟಿರಲಿಲ್ಲ. ಇದನ್ನೆಲ್ಲ ಆಯಿಗೆ ಹೇಗೆ ಬಿಡಿಸಿ ಹೇಳಲಿ? "ನಾಳೆ ರಾಮದುರ್ಗ ಸ್ಟ್ಯಾಂಡಿಗೆ ಬರ್ತಾನ್ರಿ ಆಯಿ. ಅಲ್ಲಿಂದ ಹೋಗತೇವಿ," ಅಂದುಬಿಟ್ಟೆ.

ಅಂದ ಮೇಲೆ ಹೋಗಲೇಬೇಕಾಯಿತು. ಸವದತ್ತಿಯಲ್ಲಿ ನನ್ನ ಗೆಳತಿಯೊಬ್ಬಳು ಟೀಚರ್ ಆಗಿದ್ದಳು. ಹಬ್ಬಕ್ಕೆ ತವರಿಗೆ ಹೋಗುವಾಗ ತನ್ನ ಖೋಲಿಯ ಕೀಲಿ ನನಗೆ ಕೊಟ್ಟಳು. ಎರಡು ದಿನ ಅಲ್ಲಿದ್ದೆ. ಬರಬರುತ್ತ ಅದೇ ರೂಢಿಯಾಯಿತು. ಬಾಗಿಲು ಹಾಕಿಕೊಂಡು ಕುಳಿತರೆ ಸುತ್ತಲಿನ ಮನೆಗಳ ನಗು ಕೇಳಿಸುತ್ತಿತ್ತು. ಅದಕ್ಕೇ ಹಗಲೆಲ್ಲ ನವಿಲುತೀರ್ಥದ ಡ್ಯಾಮಿನ ಕಡೆ ಹೋಗಿ ನೀರು ನೋಡುತ್ತ ಕೂಡುತ್ತಿದ್ದೆ. ಒಮ್ಮೆ ಬುತ್ತಿ ಬಿಚ್ಚಿದ್ದ ಹೆಂಗಸೊಬ್ಬಳು, "ಯಾರ ಜೋಡಿ ಬಂದೀರಿ?" ಎಂದಳು. ದೂರ ನಿಂತಿದ್ದ ಯಾರೋ ಗಂಡಸಿನ ಕಡೆ ಕೈ ಮಾಡಿ, "ನಮ್ಮಣ್ಣ ಅಲ್ಲಿ ಅದಾನ್ರಿ," ಅಂದೆ. ಸ್ವಲ್ಪ ಹೊತ್ತಿಗೆ ಆ ಮನುಷ್ಯ ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟುಹೋದ. ಆ ಹೆಂಗಸು ನನ್ನ ಮುಖ ನೋಡುವುದರೊಳಗೆ ನಾನೂ ಎದ್ದೆ.

ಐದನೆಯ ವರ್ಷ ಡ್ಯಾಮಿನ ಹತ್ತಿರದ ಮುನವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಎದುರಾದ. ವೈನಿಯ ತವರು ಅದೇ ಊರು. ಅವಳನ್ನು ಅಲ್ಲಿ ಬಿಟ್ಟು ಒಬ್ಬನೇ ಮನೆಗೆ ಹೊರಟಿದ್ದ. ಕೂದಲು ಬೆಳ್ಳಗಾಗತೊಡಗಿದ್ದವು.

"ಇಲ್ಲೇನ್ ಮಾಡಾಕತ್ತಿ?"

"ಡ್ಯಾಮ್ ನೋಡಾಕ ಬಂದಿದ್ದೆ."

"ಹಬ್ಬದ ದಿನ? ಒಬ್ಬಾಕೀನ?"

ಮುಚ್ಚಿಡಲು ಆಗಲಿಲ್ಲ. "ನೀ ಕರಿಯಾಕ ಬಂದಿ ಅಂತ ಊರಾಗ ಹೇಳಿ ಬಂದೇನಿ, ಅಣ್ಣಾ. ಪ್ರತಿ ವರ್ಷಾನೂ ಹಂಗ ಹೇಳತೇನಿ."

ಅವನು ರಸ್ತೆಯ ಕಡೆ ನೋಡುತ್ತ ನಿಂತ. ಆಮೇಲೆ ಕೈಚೀಲದಿಂದ ಒಂದು ಶೇಂಗಾ ಉಂಡಿ ತೆಗೆದುಕೊಟ್ಟ. ನಾನು ಒಲ್ಲೆ ಎಂದ ಮನೆಯ ಉಂಡಿ. ನಿಂತಲ್ಲೇ ತಿಂದೆ.

"ಮನಿಗೆ ಬಾ ಅನ್ನಾಕ ಆಗವಲ್ದವ್ವಾ," ಅಂದ. "ಆಕಿ ತಮ್ಮಂದು ಇನ್ನೂ ಲಗ್ನ ಆಗಿಲ್ಲ. ನಿನ್ನ ಹೆಸರು ತಗದ್ರ ಮೂರು ದಿನ ಮನ್ಯಾಗ ಮಾತಿರಂಗಿಲ್ಲ."

ಬಸ್ಸು ಬಂತು. ಹತ್ತಿ ಕುಳಿತವನು ಕಿಟಕಿಯಿಂದ ಬಗ್ಗಿ, "ಊಟ ಆಗೇತಿಲ್ಲೊ?" ಎಂದು ಕೇಳಿದ. ನಾನು ಉತ್ತರ ಕೊಡುವಷ್ಟರಲ್ಲಿ ಬಸ್ಸು ಹೊರಟಿತು.

ನಾನು ಸವದತ್ತಿಯ ಖೋಲಿಗೆ ಹೋಗಲಿಲ್ಲ. ಸಂಜೆಯೇ ಸಾಲಹಳ್ಳಿಗೆ ಬಂದೆ. ಆಯಿ ಕಟ್ಟೆಯ ಮೇಲೆ ಕುಳಿತಿದ್ದಳು.

"ಯಾಕ್ರಿ ಬಾಯಾರ, ಇಷ್ಟ ಲಗೂನ?"

"ನನ್ನ ಕರಿಯಾಕ ಯಾರೂ ಬಂದಿರಲಿಲ್ಲ ಆಯಿ. ಯಾವ ವರ್ಷಾನೂ ಬಂದಿಲ್ಲ."

"ನನಗ ಗೊತ್ತೈತ್ರಿ," ಅಂದಳು ಆಯಿ. "ತವರಿಂದ ಬರೋರು ಕೈ ಬೀಸ್ಕೊಂಡು ಬರಂಗಿಲ್ಲ. ಒಳಗ ಬರ್ರಿ, ರೊಟ್ಟಿ ಬಿಸಿ ಅದಾವು."

ಎರಡು ಸಾವಿರದ ಇಸವಿ ದಾಟಿದ ಮೇಲೆ ವೈನಿಯ ತಮ್ಮನ ಮದುವೆಯಾಯಿತು. ಮುಂದಿನ ಪಂಚಮಿಗೆ ಅಣ್ಣ ನಿಜವಾಗಿಯೂ ಬಂದ. ಶಾಲೆಯ ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ಪಾಠ ಅರ್ಧಕ್ಕೆ ಬಿಟ್ಟು ಹೊರಗೆ ಬಂದೆ.

ಅವನ ಜೊತೆ ಊರಿನ ಮನೆಗೆ ಹೋದೆ. ನಾನು ಮಲಗುತ್ತಿದ್ದ ಖೋಲಿಯಲ್ಲಿ ಗೊಬ್ಬರದ ಚೀಲಗಳಿದ್ದವು. ವೈನಿ ಬೀಗರಿಗೆ ಬಡಿಸುವಂತೆ, "ಇನ್ನೊಂದೀಟ ಹಾಕ್ಲ್ಯಾ?" ಎಂದು ಕೇಳಿ ಕೇಳಿ ಬಡಿಸಿದಳು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಅವ್ವನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನನಗೆ ಗೊತ್ತಾಗಲಿಲ್ಲ. ನಾಲ್ಕು ದಿನ ಇರಬೇಕೆಂದು ಹೋದವಳು ಎರಡನೆಯ ದಿನವೇ ಹೊರಟೆ.

ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಅಣ್ಣ ನನಗೆ ಕಿಟಕಿಯ ಸೀಟು ಹಿಡಿದುಕೊಟ್ಟ. "ಮುಂದಿನ ವರ್ಷಾನೂ ಕರಿಯಾಕ ಬರ್ತೇನಿ," ಅಂದ.

"ಅಷ್ಟು ದೂರ ಯಾಕ ಅಣ್ಣಾ? ನಾನ ಬರ್ತೇನಿ."

ಅವನು ಹೂಂ ಅಂದ. ಮುಂದಿನ ವರ್ಷ ನಾನು ಹೋಗಲಿಲ್ಲ. ಅವನೂ ಬರಲಿಲ್ಲ.