ಅರ್ನೆಟಾಳ ಆರು ಡಾಲರ್

ಕೋರ್ಟಿನ ಗುಮಾಸ್ತೆಯ ಮೇಜಿನ ಮೇಲೆ ಒಂದು ಗಾಜಿನ ಜಾಡಿ ಇರುತ್ತಿತ್ತು. ಅನಾಥ ಮಕ್ಕಳಿಗೆ ಎಂದು ಅದರ ಮೇಲೆ ಚೀಟಿ ಅಂಟಿಸಿದ್ದರು. ಆಗ ಪೂರ್ವ ಟೆಕ್ಸಸ್ಸಿನ ನಮ್ಮ ಕಡೆ ಕೇಸಿನ ತೀರ್ಪು ಹೇಳಲು ಜ್ಯೂರಿಗೆ ಕೂತ ಊರಿನವರಿಗೆ ದಿನಕ್ಕೆ ಆರು ಡಾಲರ್ ಭತ್ಯೆ. ಸಂಜೆ ಅದನ್ನು ಲಕೋಟೆಯಲ್ಲಿ ಹಾಕಿ ಕೈಗೆ ಕೊಡುತ್ತಿದ್ದರು. ಆ ಲಕೋಟೆಯನ್ನು ಒಡೆಯದೆ ಜಾಡಿಗೆ ಹಾಕಿ ಹೋಗುವುದು ಊರಿನ ಮರ್ಯಾದೆ. ಹಾಕಲೇಬೇಕು ಎಂದು ಯಾರೂ ಹೇಳುತ್ತಿರಲಿಲ್ಲ. ಹಾಕದವರ ಹೆಸರು ಮಾತ್ರ ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತಿತ್ತು.

ಅರ್ನೆಟಾ ಪಿಕೆಟ್ ಹಾಕಲಿಲ್ಲ. ಮೊದಲನೇ ಸಂಜೆಯೇ ಎಲ್ಲರ ಕಣ್ಣೆದುರು ಲಕೋಟೆಯನ್ನು ಕೈಚೀಲಕ್ಕೆ ಸೇರಿಸಿ ಹೊರಟಳು. ನ್ಯಾಯ ಹೇಳಲು ಬಂದವಳು ಪುಡಿಗಾಸಿಗೆ ಕೈಯೊಡ್ಡಿದಳಲ್ಲ ಎಂದು ಜಾಡಿ ತುಂಬಿಸಿದವರಿಗೆಲ್ಲ ಅನ್ನಿಸಿತು. ಅವರಲ್ಲಿ ಹೆಚ್ಚಿನವರು ಪಿಂಚಣಿಯವರು, ಇಲ್ಲವೇ ರಜೆ ಹಾಕಿದರೂ ಸಂಬಳ ಸಿಗುವವರು. ಬಿಟ್ಟಿ ಧರ್ಮ ಮಾಡುವುದು ಸುಲಭ.

ತಲೆ ಬಾಚುವ ಪಾರ್ಲರಿನಲ್ಲಿ ಅರ್ನೆಟಾಳ ಕುರ್ಚಿ ನನ್ನ ಕುರ್ಚಿಯ ಪಕ್ಕದಲ್ಲಿತ್ತು. ಅಲ್ಲಿ ಸಂಬಳ ಎಂಬುದಿಲ್ಲ. ಕುರ್ಚಿಗೆ ವಾರದ ಬಾಡಿಗೆ ಕಟ್ಟಬೇಕು. ಕೂತವರು ಕೊಟ್ಟ ದುಡ್ಡು ನಿಮ್ಮದು, ಯಾರೂ ಕೂರದಿದ್ದರೂ ಬಾಡಿಗೆ ನಿಮ್ಮದೇ. ಹತ್ತು ವರ್ಷದವಳಿದ್ದಾಗಲೇ ಅಜ್ಜಿಯ ಮನೆಯ ಮೆಟ್ಟಿಲ ಮೇಲೆ ತಂಗಿಯರಿಗೆ ಜಡೆ ಹೆಣೆದು ಕೈ ಪಳಗಿಸಿಕೊಂಡವಳು ಅವಳು. ಬಾಯಿ ಜೋರು, ಬೆರಳು ಮೆತ್ತಗೆ. ಗಂಡ ಹೂಸ್ಟನ್ನಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ಎರಡು ಹೆಣ್ಣುಮಕ್ಕಳನ್ನು ಅವಳು ಆ ಕುರ್ಚಿಯ ಮೇಲೇ ಸಾಕಿದ್ದಳು. ಜ್ಯೂರಿಯಿಂದ ಬಿಡಿಸಿ ಎಂದು ಜಡ್ಜ್ ಹತ್ತಿರ ಕೇಳಿಕೊಂಡಳು. ಎಲ್ಲರಿಗೂ ಕೆಲಸ ಇದ್ದೇ ಇರುತ್ತದೆ ಎಂದು ಅವರು ಮುಂದಿನವರನ್ನು ಕರೆದರು.

ಕೇಸು ಪೆಟ್ರೋಲ್ ಬಂಕಿನ ಮುದುಕನ ಕೊಲೆಯದು. ಆರೋಪಿ ಟೈರೆಲ್ ಬೂನ್, ಇಪ್ಪತ್ತೆರಡರ ಹುಡುಗ. ಸಾಕ್ಷಿ ಎಂದರೆ ರಸ್ತೆಯ ಆಚೆಯಿಂದ ಮುಸ್ಸಂಜೆಯಲ್ಲಿ ನೋಡಿದ ಒಬ್ಬ ಹೆಂಗಸು. ಪೊಲೀಸರು ಫೋಟೋಗಳನ್ನು ಹರಡಿದಾಗ ಅವಳು ಮೊದಲು ತೋರಿಸಿದ್ದು ಬೇರೊಬ್ಬನನ್ನು. ಕೊಲೆಯಾದಾಗ ಅವನು ಜೈಲಿನಲ್ಲಿದ್ದ ಎಂದು ಗೊತ್ತಾದ ಮೇಲೆ ಟೈರೆಲ್‌ನನ್ನು ತೋರಿಸಿದಳು. ಅರ್ನೆಟಾ ಈ ಸಾಕ್ಷಿಯನ್ನು ನಂಬಲಿಲ್ಲ.

ಎರಡು ವಾರ ವಿಚಾರಣೆ ನಡೆಯಿತು. ಅಷ್ಟರಲ್ಲಿ ಅವಳ ಗಿರಾಕಿಗಳು ಹೆದ್ದಾರಿಯ ಹೊಸ ಪಾರ್ಲರಿನ ದಾರಿ ಹಿಡಿದಿದ್ದರು. ಆರು ಡಾಲರ್ ಅವಳ ಹಳೇ ಕಾರಿನ ಪೆಟ್ರೋಲಿಗೂ ಮಕ್ಕಳ ಊಟಕ್ಕೂ ಆಗುತ್ತಿತ್ತು, ಕುರ್ಚಿಗೆ ಅಲ್ಲ. ಆದರೂ ಹನ್ನೆರಡು ಜನರನ್ನು ಕೋಣೆಯೊಳಗೆ ಕೂರಿಸಿದಾಗ ಅವಳೊಬ್ಬಳೇ ತಪ್ಪಿತಸ್ಥನಲ್ಲ ಎಂದಳು. ಹನ್ನೆರಡೂ ಜನ ಒಪ್ಪದಿದ್ದರೆ ತೀರ್ಪು ಇಲ್ಲ. ಹುಡುಗನ ಜೀವ ಅವಳೊಬ್ಬಳ ಮಾತಿಗೆ ನೇತುಬಿದ್ದಿತ್ತು.

ಎರಡು ದಿನ ಅವಳು ಜಗ್ಗಲಿಲ್ಲ. ಮೂರನೆಯ ದಿನ ಜ್ಯೂರಿಯ ಮುಖ್ಯಸ್ಥ ಹೊಯ್ಟ್ ಲ್ಯಾಂಗ್‌ಫರ್ಡ್ ಬಾಯಿ ಬಿಟ್ಟ. ಮೇವಿನ ಅಂಗಡಿ ಮಾರಿ ಆರಾಮಾಗಿದ್ದ ಬಿಳಿಯ, ಚರ್ಚಿನ ಹಿರಿಯ, ಯಾರ ಮೇಲೂ ದನಿ ಏರಿಸದ ಮನುಷ್ಯ. ಅಂಥವರ ಕೈಯಲ್ಲೇ ಆಳವಾದ ಗಾಯ ಆಗುವುದು.

“ಅರ್ನೆಟಾ, ನಿನ್ನ ಕಷ್ಟ ನಮಗೂ ಗೊತ್ತಮ್ಮ,” ಎಂದ. “ಒಂದೊಂದು ದಿನ ಎಳೆದ್ರೂ ನಿನಗೊಂದು ಲಕೋಟೆ. ನಾವೇ ಎಲ್ಲರ ಮುಂದೆ ಟೋಪಿಯೊಡ್ಡಿ ಅಷ್ಟು ಕೂಡಿಸಿ ಕೊಟ್ಬಿಡ್ತೀವಿ, ನಮ್ಮನ್ನ ಮನೆಗೆ ಬಿಡು.”

ಎಲ್ಲರೂ ನಕ್ಕರು. ಅಲ್ಲಿ ಅವಳನ್ನು ಬಿಟ್ಟರೆ ನಮ್ಮ ಕರಿಯರ ಪೈಕಿ ಇನ್ನೊಬ್ಬನೇ ಇದ್ದ. ಅವನೂ ನಕ್ಕ. ಪಾರ್ಲರಿನಲ್ಲಿ ಒಂದು ತಲೆ ಬಾಚಿದರೆ ಅದರ ನಾಲ್ಕರಷ್ಟು ಸಿಗುತ್ತದೆ, ಇಲ್ಲಿ ಕೂತಷ್ಟೂ ಅವಳು ಮುಳುಗುತ್ತಿದ್ದಾಳೆ ಎಂಬ ಲೆಕ್ಕ ಆ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಅವಳಾದರೂ ಹೇಳಬಹುದಿತ್ತು. ಹೇಳಲು ಹೋದರೆ ಅಳು ಬಂದುಬಿಡುತ್ತದೆ ಎಂದು ಹೆದರಿದಳಂತೆ. ಆಮೇಲೆ ಸಾಕ್ಷಿಯ ಬಗ್ಗೆ ಅವಳು ಬಾಯಿ ತೆರೆದಾಗಲೆಲ್ಲ ಮೇಜಿನ ಯಾವುದೋ ಮೂಲೆಯಲ್ಲಿ ಕೆಮ್ಮು, ಮುಸಿನಗು. ಅವಳ ಮಾತಿಗೆ ಬೆಲೆ ಕಟ್ಟಿಯಾಗಿತ್ತು, ಆರು ಡಾಲರ್.

ಊಟದ ನಂತರ ಅವಳು ತಪ್ಪಿತಸ್ಥ ಎಂದು ಬರೆದುಕೊಳ್ಳಿ ಎಂದಳು. ಆ ಸಂಜೆ ಕೊಟ್ಟ ಲಕೋಟೆಯನ್ನು ಲ್ಯಾಂಗ್‌ಫರ್ಡ್ ನೋಡುತ್ತಿರುವಾಗಲೇ ಜಾಡಿಗೆ ಹಾಕಿದಳು. ಅವನು ಅವಳಿಗಾಗಿ ಬಾಗಿಲು ಹಿಡಿದು ನಿಂತನಂತೆ.

ಟೈರೆಲ್‌ಗೆ ನಲವತ್ತು ವರ್ಷ ಸಜೆಯಾಯಿತು.

“ದುಡ್ಡಿಗೋಸ್ಕರ ಅಲ್ಲ ಅಂತ ತೋರಿಸ್ಬೇಕಿತ್ತು ಕಣೆ,” ಎಂದಳು ನನ್ನ ಹತ್ತಿರ. “ಆ ನಗು ನಿಲ್ಲಿಸೋಕೆ ಬೇರೆ ದಾರಿ ಕಾಣ್ಲಿಲ್ಲ.”

ನನಗೆ ಅವಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವಳನ್ನು ಅಲ್ಲಿಗೆ ತಳ್ಳಿದವರ ಮೇಲಿನ ಸಿಟ್ಟು ಅದರ ಹತ್ತರಷ್ಟಿದೆ. ಆದರೆ ಅವರು ಯಾರೂ ನನ್ನ ಹತ್ತಿರ ತಲೆ ಬಾಚಿಸಿಕೊಳ್ಳಲು ಬರುವುದಿಲ್ಲ.

ಜ್ಯೂರಿ ಕೋಣೆಯ ತಮಾಷೆ ಹೊರಗೆ ಬಂದಿತು. ಬರುತ್ತಾ ಬರುತ್ತಾ ಅದರಲ್ಲಿದ್ದ ತಮಾಷೆ ಉದುರಿಹೋಯಿತು. ಲ್ಯಾಂಗ್‌ಫರ್ಡ್ ಟೋಪಿಯೊಡ್ಡಿ ದುಡ್ಡು ಕೂಡಿಸಿದನಂತೆ, ಅವಳು ಇಸಕೊಂಡು ಮಾತು ಬದಲಿಸಿದಳಂತೆ ಎಂದು ಊರು ಆಡಿಕೊಂಡಿತು. ಉಳಿದಿದ್ದ ನಾಲ್ಕು ಗಿರಾಕಿಗಳೂ ನನ್ನ ಕುರ್ಚಿಯ ಕಡೆ ಬಂದು ಕೂತರು.

ಒಂದು ಶನಿವಾರ ಬೆಳಿಗ್ಗೆ, ಪಾರ್ಲರ್ ತುಂಬಿದ್ದಾಗ, ಟೈರೆಲ್‌ನ ತಾಯಿ ವಿಲ್ಲಾ ಬೂನ್ ಬಂದಳು. ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡಿದ್ದಳು. ಅರ್ನೆಟಾ ತನ್ನ ಖಾಲಿ ಕುರ್ಚಿಯ ಹಿಂದಿದ್ದಳು, ವಿಲ್ಲಾ ಅದರ ಎದುರು ನಿಂತಳು. ಎಲ್ಲರ ಬಾಚಣಿಗೆಗಳೂ ನಿಂತವು.

“ಎಷ್ಟು ಕೊಟ್ರು ನಿನಗೆ?”

“ಯಾರೂ ಏನೂ ಕೊಡ್ಲಿಲ್ಲ ಮಿಸ್ ವಿಲ್ಲಾ,” ಎಂದಳು ಅರ್ನೆಟಾ. “ಕೋರ್ಟಿನವ್ರು ಕೊಡೋದು ದಿನಕ್ಕೆ ಆರು ಡಾಲರ್. ಅಷ್ಟೇ.”

ವಿಲ್ಲಾ ಪರ್ಸ್ ತೆರೆದು ಒಂದು ಐದರ ನೋಟು, ಒಂದು ಒಂದರ ನೋಟು ತೆಗೆದು ಬಾಚಣಿಗೆಗಳ ಪಕ್ಕದಲ್ಲಿಟ್ಟಳು.

“ಇಷ್ಟು ನನ್ನ ಹತ್ರಾನೂ ಇತ್ತಲ್ಲಮ್ಮ,” ಎಂದಳು. “ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?”